ಮಾವನ ಪಕ್ಕಕ್ಕೆ ಒಪ್ಪುವ ಕಪ್ಪು

ಕಾಗೆ ಕಪ್ಪಗಿರುತ್ತದೆ ಎಂಬ ವಿಷಯದಲ್ಲಿ ನಿಮಗೆ ಸಂದೇಹವಿಲ್ಲವೆಂದರೆ, ಅದರ ಕಪ್ಪು-ಬಿಳುಪು ಫೋಟೋವನ್ನು ನೀವು ಮನೆಯಲ್ಲಿ ಪ್ರಿಂಟು ಹಾಕಿ ನೋಡಿಲ್ಲವೆಂದೇ ಅರ್ಥ. ನಾನು ಹಾಕಿದ್ದೇನೆ. ಕಡೂರಿನ ನಮ್ಮ ಮನೆಯ ಕಾಂಪೌಂಡಿನ ಮೇಲೆ ದಿನವೂ ಬೆಳಿಗ್ಗೆ ಬಂದು ಕೂರುವ ಆ ಹಕ್ಕಿ ನನ್ನ ಪ್ರಿಂಟರಿನ ಹೊಟ್ಟೆಯಿಂದ ಹೊರಬಂದಾಗ ಟ್ಯೂಬ್‌ಲೈಟಿನ ಕೆಳಗೆ ಪಾಚಿಯಂತೆ ಹಸಿರಾಗಿತ್ತು. ಜಗುಲಿಗೆ ತಂದು ಬಿಸಿಲಿಗೆ ಹಿಡಿದರೆ ನೇರಳೆಗೆ ತಿರುಗಿತು. ನನ್ನ ಹೆಂಡತಿ ವಿಮಲಾ ಅದನ್ನು ಎರಡೂ ಬೆಳಕಿನಲ್ಲಿ ಪರಿಶೀಲಿಸಿ, "ಗಿಣಿ ಚೆನ್ನಾಗಿ ಬಂದಿದೆ ಕಣ್ರೀ" ಎಂದು ಹೇಳಿ ಒಳಗೆ ಹೋದಳು.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಲೆ ಕೈಗೆ ಕ್ಯಾಮೆರಾ ಬಂದ ಮನುಷ್ಯ ನಾನು. ಬುಕ್ಕಾಂಬುಧಿಯ ಕೆರೆ, ಲಕ್ಕವಳ್ಳಿಯ ಅಣೆಕಟ್ಟು, ನೆಂಟರ ಮನೆಯ ಎಮ್ಮೆ, ಯಾವುದನ್ನೂ ಬಿಡದೆ ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದಿದ್ದೆ. ಬಣ್ಣ ಬಿಟ್ಟರೆ ಗಾಂಭೀರ್ಯ ತಾನಾಗಿ ಬರುತ್ತದೆಂಬ ಭ್ರಮೆ ಹೊಸ ಛಾಯಾಗ್ರಾಹಕರಿಗೆಲ್ಲ ಇರುವಂಥದ್ದೇ. ಆದರೆ ನನ್ನ ಪ್ರಿಂಟರಿಗೆ ಆ ಭ್ರಮೆ ಇರಲಿಲ್ಲ. ಅದರಲ್ಲಿದ್ದದ್ದು ಕಪ್ಪು, ನೀಲಿ, ಗುಲಾಬಿ, ಹಳದಿ ಎಂಬ ನಾಲ್ಕು ಶಾಯಿಗಳು. ಬೂದುಬಣ್ಣ ಬೇಕೆಂದಾಗ ಅದು ಬಣ್ಣದ ಮೂರನ್ನು ಬೆರೆಸಿ ಹೇಗೋ ಸುಧಾರಿಸುತ್ತಿತ್ತು. ಬೆರಕೆಯಲ್ಲಿ ಎಳ್ಳಿನಷ್ಟು ಹೆಚ್ಚುಕಡಿಮೆಯಾದರೂ ಕಾಗೆ ಗಿಣಿಯಾಗುತ್ತದೆ, ಎಮ್ಮೆ ಬದನೆಕಾಯಿಯಾಗುತ್ತದೆ. ಇದನ್ನು ನಾನು ಹಾಗೆಯೇ ಸಹಿಸಿಕೊಂಡು ಹೋಗುತ್ತಿದ್ದೆನೋ ಏನೋ, ಪುಟ್ಟತ್ತೆ ನನಗೊಂದು ಕೆಲಸ ವಹಿಸದಿದ್ದರೆ.

ಪುಟ್ಟತ್ತೆ ನಮ್ಮಪ್ಪನ ತಂಗಿ. ಅಜ್ಜಂಪುರದಲ್ಲಿ ಮಗ-ಸೊಸೆಯನ್ನೂ ತೆಂಗಿನ ತೋಟವನ್ನೂ ಒಂದೇ ಗಂಟಲಿನಲ್ಲಿ ಆಳುತ್ತಿರುವವರು. ಅವರ ಯಜಮಾನರು, ನನ್ನ ಮಾವ, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಕೆಲಸ ಸಿಕ್ಕ ಸಂಭ್ರಮಕ್ಕೆ ತರೀಕೆರೆಯ ಸ್ಟುಡಿಯೋದಲ್ಲಿ ಕೋಟು ಹಾಕಿಕೊಂಡು ಒಂದು ಫೋಟೋ ತೆಗೆಸಿದ್ದರು. ಆ ಕೆಲಸದಲ್ಲಿ ಹೆಚ್ಚು ದಿನ ಇರದೆ ಜ್ವರ ಬಂದು ತೀರಿಕೊಂಡರು. ಅಂದಿನಿಂದ ಆ ಕಪ್ಪು-ಬಿಳುಪು ಫೋಟೋ ನಡುಮನೆಯ ಗೋಡೆಯಲ್ಲಿದೆ. ಅದರ ಪಕ್ಕದ ಜಾಗ ಖಾಲಿಯಿದೆ.

ಆ ಖಾಲಿ ಜಾಗದ ಬಗ್ಗೆ ಪುಟ್ಟತ್ತೆಗೆ ಒಂದು ಭಯವಿತ್ತು. ನಮ್ಮ ಕಡೆ ಹಿರಿಯರು ಹೋದ ದಿನ ಅವಸರದಲ್ಲಿ ಫೋಟೋ ಹುಡುಕುವುದು, ಯಾವುದೋ ಮದುವೆಯ ಗುಂಪಿನಿಂದ ಅವರನ್ನು ಕತ್ತರಿಸಿ ತೆಗೆದು ಕಟ್ಟು ಹಾಕಿಸುವುದು ರೂಢಿ. ಹೀಗಾಗಿ ಎಷ್ಟೋ ಮನೆಗಳ ಗೋಡೆಯ ಮೇಲೆ ಅಜ್ಜಿಯ ಹೆಗಲಿನಲ್ಲಿ ಯಾರದೋ ಕೈ ಇರುತ್ತದೆ, ಹಿಂದೆ ಐಸ್‌ಕ್ರೀಮಿನ ಟೇಬಲ್ ಇರುತ್ತದೆ. "ನಂದು ಹಂಗಾಗ್ಬಾರ್ದು ಕಣೋ ಶಿವಣ್ಣ. ಅವ್ರ ಪಕ್ಕ ನಾನು ಬಣ್ಣಬಣ್ಣವಾಗಿ ಕೂತ್ರೆ ದಿಬ್ಬಣಕ್ಕೆ ಹೊಂಟಂಗಿರುತ್ತೆ. ಅವ್ರ ಜೋಡಿ ಒಪ್ಪೋ ಹಂಗೆ ಒಂದು ತೆಗ್ದುಕೊಡು. ಈಗ್ಲೇ, ನಾನು ನೋಡೋ ಹಂಗೆ" ಎಂದರು. ಹಿತ್ತಲಲ್ಲಿ ಸುಲಿದ ಕಾಯಿಯ ರಾಶಿಯ ಪಕ್ಕ ಸ್ಟೂಲು ಹಾಕಿ ಕೂರಿಸಿದೆ. ಸ್ವಲ್ಪ ನಗಿ ಎಂದರೆ, "ಅವ್ರು ನಕ್ಕಿಲ್ಲ, ನಾನೊಬ್ಳೇ ಯಾಕೆ ನಗ್ಲಿ?" ಎಂದು ಕ್ಯಾಮೆರಾವನ್ನೇ ಗದರಿಸುವಂತೆ ನೋಡಿದರು. ಚಿತ್ರ ಅದ್ಭುತವಾಗಿ ಬಂತು. ಆದರೆ ಅದನ್ನು ಗಿಣಿ ಮಾಡುವ ಯಂತ್ರಕ್ಕೆ ಕೊಡಲು ನನಗೆ ಧೈರ್ಯ ಬರಲಿಲ್ಲ.

ಹೊಸ ಪ್ರಿಂಟರಿನ ಶೋಧ ಶುರುವಾಯಿತು. ಊರಿನ ಕಂಪ್ಯೂಟರ್ ಅಂಗಡಿಯವನು ನನ್ನ ಸಮಸ್ಯೆಯನ್ನು ತಾಳ್ಮೆಯಿಂದ ಕೇಳಿ, "ಬ್ಲ್ಯಾಕ್ ಅಂಡ್ ವೈಟಾ ಸಾರ್? ಹಂಗಾದ್ರೆ ಬ್ಲ್ಯಾಕ್ ಇಂಕ್ ಒಂದೇ ಸಾಕಲ್ಲ, ವೈಟು ಪೇಪರಲ್ಲೇ ಇರುತ್ತೆ" ಎಂದ. ಈ ಸಿದ್ಧಾಂತದ ಸರಳತೆಗೆ ಮನಸ್ಸಿನಲ್ಲೇ ನಮಸ್ಕರಿಸಿ ಮನೆಗೆ ಬಂದು ಇಂಟರ್‌ನೆಟ್ಟಿನ ಮೊರೆಹೊಕ್ಕೆ. ಅಲ್ಲಿ ಶೈವ-ವೈಷ್ಣವರ ಕಲಹವನ್ನು ಮೀರಿಸುವ ಒಂದು ಮಹಾವಿವಾದ ನಡೆಯುತ್ತಿತ್ತು. ಡೈ ಎಂಬ ಶಾಯಿ ಕಾಗದದೊಳಕ್ಕೆ ಇಂಗುತ್ತದೆ, ನೋಡಲು ಚೆಲುವು, ಬಿಸಿಲು ಬಿದ್ದರೆ ಬೇಗ ಮಾಸುತ್ತದೆ. ಪಿಗ್ಮೆಂಟ್ ಎಂಬುದು ಕಾಗದದ ಮೇಲೆ ಕಣಕಣವಾಗಿ ಕೂರುತ್ತದೆ, ಸ್ವಲ್ಪ ಬಿಗುಮಾನದ್ದು, ಆದರೆ ದೀರ್ಘಾಯು. ಗೋಡೆಯ ಮೇಲೆ ಚಿರಕಾಲ ಬಾಳಬೇಕಾದ ಪುಟ್ಟತ್ತೆಗೆ ಬಿಗುಮಾನದ ಪಿಗ್ಮೆಂಟೇ ತಕ್ಕದ್ದೆಂದು ತೀರ್ಮಾನಿಸಿದೆ. ಅದರ ಜೊತೆಗೆ ಬೂದುಬಣ್ಣಕ್ಕೆಂದೇ ಬೇರೆ ಶಾಯಿಗಳಿರುವ ಪ್ರಿಂಟರು ಬೇಕು, ಹೊಳಪಿಲ್ಲದ ದಪ್ಪ ಕಾಗದ ಬೇಕು. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಗುಣದೋಷ ವಿಚಾರಿಸುತ್ತಿದ್ದ ನನ್ನನ್ನು ನೋಡಿ ವಿಮಲಾ, "ಅಳಿಯನ್ನ ಹುಡುಕುವಾಗ ಇದರಲ್ಲಿ ಅರ್ಧ ವಿಚಾರಿಸ್ಲಿಲ್ಲ ನೀವು" ಎಂದಳು. ಅಳಿಯ ಒಳ್ಳೆಯವನು ಎಂಬುದು ನನ್ನ ಸಮರ್ಥನೆ. ಪ್ರಿಂಟರಿನ ವಿಷಯದಲ್ಲಿ ಅಂಥ ಅದೃಷ್ಟವನ್ನು ನಂಬುವಂತಿಲ್ಲ.

ಹೊಸ ಪ್ರಿಂಟರು ಬಂತು. ಬಂದ ಮೇಲೆ ತಿಳಿಯಿತು, ಅದು ನಿತ್ಯ ನೈವೇದ್ಯ ಬೇಡುವ ದೈವ. ಕಡೂರಿನ ಒಣಹವೆಗೆ ಶಾಯಿ ಚಿಮ್ಮುವ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಕಟ್ಟಿಕೊಂಡರೆ ಅವನ್ನು ತೊಳೆಯಲು ಅದು ತನ್ನ ಶಾಯಿಯನ್ನು ತಾನೇ ಕುಡಿಯುತ್ತದೆ. ಹಾಗಾಗದಿರಲು ದಿನಕ್ಕೊಂದು ಪ್ರಿಂಟು ಹಾಕುತ್ತಲೇ ಇರಬೇಕು. ನಾನು ಹಾಕಿದ್ದು ಪುಟ್ಟತ್ತೆಯನ್ನೇ. ಅಡುಗೆಮನೆಯ ಶೆಲ್ಫು, ಸೋಫಾ, ಫ್ರಿಜ್ಜಿನ ಬಾಗಿಲು, ಎಲ್ಲೆಲ್ಲೂ ಪುಟ್ಟತ್ತೆ ನಗದೆ ಒಣಗುತ್ತಿದ್ದರು. ಒಂದರಲ್ಲಿ ನೆರಳು ಮಬ್ಬು, ಒಂದರಲ್ಲಿ ಸೆರಗು ಬೂದಿ, ಒಂದು ಟೀ ಚೆಲ್ಲಿದಂತೆ ಕಂದು. ಕೊನೆಗೊಂದು ಬೆಳಿಗ್ಗೆ ಹಸಿರಿಲ್ಲದ, ನೇರಳೆಯಿಲ್ಲದ, ಯಾವ ಬೆಳಕಿಗೂ ಜಗ್ಗದ ಶುದ್ಧ ಕಪ್ಪು ಕೈಗೆ ಬಂತು. ನನಗೆ ಕಣ್ಣು ತುಂಬಿತೆಂದರೆ ನೀವು ನಗಬಾರದು.

ಇಂಥ ಗಳಿಗೆಯಲ್ಲಿ ಮನುಷ್ಯನಿಗೆ ನಾಲ್ಕು ಜನರ ಮೆಚ್ಚುಗೆ ಬೇಕೆನಿಸುತ್ತದೆ. ಪ್ರಿಂಟನ್ನು ಮೊಬೈಲಿನಲ್ಲಿ ಫೋಟೋ ತೆಗೆದು ನಮ್ಮ ಬಳಗದ ಗ್ರೂಪಿಗೆ ಹಾಕಿದೆ. "ಕಪ್ಪು ಹೇಗೆ ಬಂದಿದೆ?" ಎಂದು ಕೆಳಗೆ ಬರೆಯಬೇಕು ಎನ್ನುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಯಿತು. ಓಡಿದೆ, ಒರೆಸಿದೆ, ಬೈಸಿಕೊಂಡೆ, ಕಾಫಿ ಕುಡಿದೆ. ವಾಪಸ್ಸು ಬಂದು ನೋಡಿದರೆ ಗ್ರೂಪಿನ ತುಂಬ ಜೋಡಿಸಿದ ಕೈಗಳು. "ಓಂ ಶಾಂತಿ." "ಮೊನ್ನೆ ತಾನೆ ಮಾತಾಡಿದ್ದೆ, ನಂಬೋಕಾಗ್ತಿಲ್ಲ." "ದೊಡ್ಡ ಜೀವ." ನಮ್ಮಲ್ಲಿ ಬದುಕಿರುವವರ ಫೋಟೋ ಹುಟ್ಟುಹಬ್ಬಕ್ಕೆ ಗುಲಾಬಿ ಹೂವಿನ ನಡುವೆ ಬಣ್ಣದಲ್ಲಿ ಬರುತ್ತದೆ. ಮುಂಜಾನೆ ಮಾತಿಲ್ಲದೆ ಕಪ್ಪು-ಬಿಳುಪಿನಲ್ಲಿ ಬಂದ ಹಿರಿಯರಿಗೆ ಇರುವುದು ಒಂದೇ ಅರ್ಥ. ಇದು ಎಲ್ಲರಿಗೂ ಗೊತ್ತು, ಪಿಗ್ಮೆಂಟಿನಲ್ಲಿ ಮುಳುಗಿದ್ದ ನನ್ನೊಬ್ಬನನ್ನು ಬಿಟ್ಟು.

ಗ್ರೂಪಿನಲ್ಲಿ ತಿದ್ದುಪಡಿ ಹಾಕಿದೆ, ಯಾರೂ ಓದಲಿಲ್ಲ. ಹೊರಟವರು ಆಗಲೇ ದಾರಿಯಲ್ಲಿದ್ದರು. ಅಜ್ಜಂಪುರಕ್ಕೆ ಫೋನು ಮಾಡಿದರೆ ಬ್ಯುಸಿ. ಪ್ರಿಂಟನ್ನು ಚೀಲಕ್ಕೆ ಹಾಕಿಕೊಂಡು, ಅದು ಮಡಚಿಕೊಳ್ಳದಿರಲೆಂದು ಹಿಂದೆ ಒಂದು ಹಾಳಾದ ಪ್ರಿಂಟನ್ನು ಒತ್ತಿಟ್ಟುಕೊಂಡು ಕಾರು ಹತ್ತಿದೆ. ದಾರಿಯುದ್ದಕ್ಕೂ ಪುಟ್ಟತ್ತೆಯ ಬೈಗುಳವನ್ನು ಮುಂಗಡವಾಗಿ ಕೇಳಿಸಿಕೊಳ್ಳುತ್ತಿದ್ದೆ.

ಹೋಗಿ ನೋಡಿದರೆ ನಡುಮನೆಯಲ್ಲಿ ಬಳಗ ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದೆ. ಪುಟ್ಟತ್ತೆಯೇ ನಿಂತು ಬಡಿಸುತ್ತಿದ್ದಾರೆ. ನನ್ನನ್ನು ಕಂಡು, "ಬಾರೋ, ನನ್ನ ತಿಥಿಗೆ ನೀನೇ ಲೇಟು" ಎಂದರು. ಲಿಂಗದಹಳ್ಳಿಯಿಂದ ಅವರ ಮೈದುನ ಚನ್ನಪ್ಪ ದೊಡ್ಡ ಸುಗಂಧರಾಜದ ಹಾರದೊಂದಿಗೆ ಬಾಗಿಲು ತಟ್ಟಿದಾಗ ತೆಗೆದವರು ಸ್ವತಃ ಪುಟ್ಟತ್ತೆಯಂತೆ. "ಯಾರಿಗೆ ಚನ್ನಪ್ಪ ಹಾರ?" ಎಂದು ಕೇಳಿದ್ದಕ್ಕೆ ಆ ಪುಣ್ಯಾತ್ಮ ಅವರನ್ನೂ ಹಾರವನ್ನೂ ನೋಡಿ, "ಅಣ್ಣಂಗೆ, ಅತ್ತಿಗೆ" ಎಂದನಂತೆ. ಹಾರ ಮಾವನ ಫೋಟೋದ ಮೇಲೆ ಘಮಘಮಿಸುತ್ತಿತ್ತು. "ಯಾರ್ಯಾರು ಬತ್ತಾರೆ, ಯಾರು ಬರಲ್ಲ ಅಂತ ನೋಡ್ದಂಗಾಯ್ತು. ಆ ಬೀರೂರಿನೋನು ಬರ್ಲಿಲ್ಲ ನೋಡು" ಎಂದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

ಎಲ್ಲರೂ ಹೊರಟ ಮೇಲೆ ಪ್ರಿಂಟನ್ನು ಮಾವನ ಪಕ್ಕ ಹಿಡಿದೆ. ನನ್ನ ಶುದ್ಧ ಕಪ್ಪು ತಣ್ಣಗೆ ನೀಲಿಗಟ್ಟಿದಂತೆ ಕಾಣುತ್ತಿತ್ತು. ಮಾವನ ಫೋಟೋ ಕಪ್ಪಾಗಿ ಉಳಿದೇ ಇರಲಿಲ್ಲ. ಆ ಗೋಡೆಯ ಮೇಲೆ ವರ್ಷಗಳನ್ನು ಕಳೆದು ಹದವಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಇಷ್ಟು ವರ್ಷ ನೋಡಿಯೂ ನಾನು ನೋಡಿರಲಿಲ್ಲ. ಚೀಲಕ್ಕೆ ಕೈ ಹಾಕಿ ಒತ್ತಾಸೆಗೆ ತಂದಿದ್ದ ಟೀ ಬಣ್ಣದ ಪ್ರಿಂಟನ್ನು ತೆಗೆದು ಹಿಡಿದೆ. ಇಬ್ಬರನ್ನೂ ಒಂದೇ ದಿನ ಒಂದೇ ಸ್ಟುಡಿಯೋದಲ್ಲಿ ತೆಗೆದಂತಿತ್ತು.

ಪುಟ್ಟತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಬಣ್ಣ ಒಪ್ತು ಕಣೋ" ಎಂದರು. ಆಮೇಲೆ ಮೆಲ್ಲಗೆ, "ಅವ್ರು ಹುಡುಗ್ನಂಗವ್ರೆ. ನಾನು ಅವ್ರ ತಾಯಿ ಇದ್ದಂಗಿದೀನಿ" ಎಂದರು.

ಯಾವ ಶಾಯಿಯೂ ಸರಿಮಾಡಲಾಗದ ಈ ವ್ಯತ್ಯಾಸ ನನಗೆ ಹೊಳೆದೇ ಇರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ಅತ್ತೆ, ಕಂಪ್ಯೂಟರಲ್ಲಿ ಸುಕ್ಕೆಲ್ಲ ತೆಗೆದುಬಿಡಬಹುದು" ಎಂದೆ.

"ಬ್ಯಾಡ. ಒಂದೂ ಅಳಿಸ್ಬ್ಯಾಡ. ಇವೆಲ್ಲ ಅವ್ರು ಹೋದ್ಮೇಲೆ ಬಂದಿದ್ದು ಕಣೋ. ಅವ್ರು ನೋಡ್ಬೇಕಲ್ಲ."

ಸೆರಗಿನಲ್ಲಿ ಪ್ರಿಂಟನ್ನೊಮ್ಮೆ ಒರೆಸಿ, ರೇಷ್ಮೆ ಸೀರೆಗಳ ನಡುವೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪಿಗ್ಮೆಂಟು ಬಹುಕಾಲ ಬಾಳುತ್ತದೆಂದು ಇಂಟರ್‌ನೆಟ್ಟಿನ ಪಂಡಿತರು ಹೇಳುತ್ತಾರೆ; ಅದು ಬೀರುವಿನಲ್ಲೇ ಬಾಳಲಿ ಎಂಬುದು ನನ್ನ ಆಸೆ.

ಮರುದಿನ ಬೆಳಿಗ್ಗೆ ಕಾಗೆ ಎಂದಿನಂತೆ ಕಾಂಪೌಂಡಿನ ಮೇಲೆ ಬಂದು ಕೂತಿತು. ಎಳೆಬಿಸಿಲು ಓರೆಯಾಗಿ ಬಿದ್ದಿತ್ತು. ಕತ್ತು ತಿರುಗಿಸಿದಾಗ ಅದರ ಗಂಟಲಿನ ಬಳಿ ಒಂದು ಹಸಿರು ಮಿಂಚು, ರೆಕ್ಕೆ ಅಲುಗಿಸಿದಾಗ ನೇರಳೆಯ ಹೊಳಪು. ವಿಮಲಾಳನ್ನು ಕೂಗಿ ಕರೆದು ಕೈತೋರಿಸಿದೆ. ಅವಳು ಬಾಗಿಲಲ್ಲಿ ನಿಂತು, ತಲೆ ವಾಲಿಸಿ, ಕಾಗೆಯನ್ನೂ ನನ್ನನ್ನೂ ನೋಡಿದಳು.

"ಹೌದು ಕಣ್ರೀ, ನಿಮ್ಮ ಗಿಣಿನೇ. ತಾಳಿ, ಒಂದು ತುತ್ತು ಅನ್ನ ತತ್ತೀನಿ."