ಮಶೇರಿ ಹಾಕಿಕೊಂಡು ಕೂಗಿದ ಘೋಷಣೆ

ನಾವು ಸಣ್ಣವರಿದ್ದಾಗ ಬೆಳಂಬಾರದಲ್ಲಿ ಮೇ ತಿಂಗಳ ಕೊನೆಗೆ ಅದರದೇ ಒಂದು ವಾಸನೆ ಇರುತ್ತಿತ್ತು. ಅಂಗಳದ ತುಂಬ ಒಣಗಲು ಹರವಿದ ಮೀನು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಹಳೇ ಕಾವಲಿಯಲ್ಲಿ ಹೊಗೆಸೊಪ್ಪು. ಅದನ್ನು ಕಪ್ಪಾಗುವ ತನಕ ಹುರಿದು ಕೈಯಲ್ಲಿ ತಿಕ್ಕಿ ಪುಡಿ ಮಾಡಿದರೆ ಮಶೇರಿ. ನಮ್ಮ ಕೇರಿಯ ಹೆಂಗಸರು ಹಲ್ಲುಜ್ಜುತ್ತಿದ್ದದ್ದು ಅದರಲ್ಲೇ. ಬೆಳಿಗ್ಗೆ ಒಮ್ಮೆ, ಮೀನು ಮಾರಿ ಬಂದ ಮೇಲೆ ಒಮ್ಮೆ, ಮತ್ತೆ ಬೇಜಾರಾದಾಗಲೆಲ್ಲ. ಆ ಘಾಟಿಗೆ ಕೆಮ್ಮುತ್ತಲೇ ನಾವು ಮಕ್ಕಳು ಒಲೆಯ ಹತ್ತಿರ ಕಲ್ಲಾಟ ಆಡುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ಆ ವಾಸನೆ ನನಗೆ ಈಗಲೂ ಇಷ್ಟ.

ಹುರಿಯುತ್ತಿದ್ದವಳು ದೊಡ್ಡಾಯಿ, ನನ್ನ ಆಯಿಯ, ಅಂದರೆ ಅಮ್ಮನ, ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಬುಟ್ಟಿಯೊಂದಿಗೆ ಬಸ್ಸು ಹತ್ತಿ ಅವರ್ಸಾಕ್ಕೆ ಹೋಗಿ ಮನೆಮನೆಗೆ ಮೀನು ಮಾರುತ್ತಿದ್ದಳು. ಅಬ್ಬಬ್ಬಾ, ಅವಳ ಗಂಟಲು! "ಬಂಗ್ಡೆ ಬೇಕನ್ರೋ" ಎಂದು ರಸ್ತೆಯಲ್ಲಿ ಒಂದು ಸಲ ಕೂಗಿದರೆ ಹಿತ್ತಲಲ್ಲಿದ್ದವರೂ ಪಾತ್ರೆ ಹಿಡಿದುಕೊಂಡು ಬರುತ್ತಿದ್ದರು. ಆ ವರ್ಷ ಅವಳ ಎಡಗೆನ್ನೆಯ ಒಳಗೆ ಒಂದು ಹುಣ್ಣಾಗಿತ್ತು. ಎಷ್ಟು ದಿನವಾದರೂ ಮಾಯುತ್ತಿರಲಿಲ್ಲ. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೆ ಅವಳ ಔಷಧವೆಂದರೆ ಇನ್ನೊಂದು ಚಿಟಿಕೆ ಮಶೇರಿ, ಹುಣ್ಣಿನ ಮೇಲೇ. ಒತ್ತಿ ಹಿಡಿದರೆ ಜೋಮು ಹಿಡಿದು ನೋವು ಕಡಿಮೆಯಾಗುತ್ತಿತ್ತಂತೆ.

"ದೊಡ್ಡಾಯೀ, ಅದು ತಂಬಾಕೇ ಅಲ್ವನೇ?" ಎಂದು ಒಮ್ಮೆ ಕೇಳಿದ್ದೆ.

"ಥೋ ಹುಚ್ಚಿ! ಒಲೆಗೆ ಹಾಕೂಕಿಂತ ಮುಂಚೆ ತಂಬಾಕು. ಬೆಂಕಿ ತಾಗ್ದ ಮೇಲೆ ಎಂತಾ ವಿಷ ಉಳೀತದೆ? ಇದು ಹಲ್ಪುಡಿ."

ಆಯಿಯೂ ಹಾಗೇ ನಂಬಿದ್ದಳು. ಇಡೀ ಕೇರಿಯೇ ನಂಬಿತ್ತು.

ಆಗಷ್ಟೇ ಶಾಲೆ ಶುರುವಾಗಿತ್ತು. ಮೇ ಕೊನೆಯ ದಿನ ತಂಬಾಕು ವಿರೋಧಿ ದಿನವೆಂದು ಅಕ್ಕೋರು ನಮ್ಮನ್ನು ಸಾಲಾಗಿ ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ಕೈಯಲ್ಲಿ ರಟ್ಟಿನ ಫಲಕ. ಅದರ ಮೇಲೆ ಬೀಡಿ ಸೇದುವ ಮೀಸೆಯ ಗಂಡಸು, ಅವನ ಮೇಲೆ ಕೆಂಪು ಗೀಟು. ಆದರೆ ಮಾರನೇ ದಿನದಿಂದ ಮೀನು ಹಿಡಿಯಲು ಸರಕಾರದ ತಡೆ, ಬೋಟು ಬಂದ್. ಸಿಕ್ಕಿದ ಕಡೇ ಮೀನನ್ನು ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುವ ಗಡಿಬಿಡಿಯಲ್ಲಿ ನಮ್ಮ ಸಣ್ಣ ದನಿ ಯಾರಿಗೆ ಕೇಳಬೇಕು?

ದೊಡ್ಡಾಯಿಗೆ ಕನಿಕರ ಬಂತು. ಬುಟ್ಟಿ ಕೆಳಗಿಟ್ಟು ಬಂದಳು. "ಎಂತ ಅಕ್ಕೋರೇ, ಮಕ್ಳಿಗೆ ಗಂಜಿ ಹಾಕಿಲ್ವಾ? ಹೀಗ್ ಕೂಗೂದು!" ಎಂದು ನನ್ನ ಫಲಕ ಕಸಿದುಕೊಂಡಳು. ಕರಿ ಬೆರಳನ್ನು ಸೆರಗಿಗೆ ಒರೆಸಿ, ಬಾಯಲ್ಲಿದ್ದ ಮಶೇರಿಯನ್ನು ಕೆನ್ನೆಗೆ ಸರಿಸಿಕೊಂಡು, "ತಂಬಾಕು ಬಿಡಿ! ಜೀವ ಉಳಿಸಿ!" ಎಂದು ಕೂಗಿದಳು. ಬಲೆ ಎಳೆಯುತ್ತಿದ್ದವರೆಲ್ಲ ತಿರುಗಿದರು. ಒಬ್ಬ ಬೀಡಿಯನ್ನು ಬೆನ್ನ ಹಿಂದೆ ಅಡಗಿಸಿದ. ಮೆರವಣಿಗೆಯ ಮುಂದೆ ಅವಳು, ಹಿಂದೆ ನಾವು. ಅಷ್ಟು ಹೆಮ್ಮೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಕೊನೆಗೆ, ಭಾಷಣಕ್ಕೆಂದು ಸರಕಾರಿ ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರು ಬೀಡಿ, ಸಿಗರೇಟು, ಗುಟ್ಕಾ ಎಂದು ಒಂದೊಂದನ್ನೂ ಬೈದರು. ಮಶೇರಿಯ ಹೆಸರು ಬರಲಿಲ್ಲ. ದೊಡ್ಡಾಯಿ ಅವರ ಹತ್ತಿರ ಹೋಗಿ, "ಬಾಯಿ ಹುಣ್ಣಿಗೆ ಎಂತ ಹಚ್ಚೂದು ಡಾಕ್ಟ್ರೇ?" ಎಂದು ಕೇಳಿದಳು.

"ಇಲ್ಲಿ ಬೆಳಕಿಲ್ಲಮ್ಮ, ನಾಳೆ ಆಸ್ಪತ್ರೆಗೆ ಬನ್ನಿ, ನೋಡುವಾ."

ಮಳೆಮೋಡ ಕವಿದು ಆಕಾಶ ಕಪ್ಪಾಗಿತ್ತು. "ನಾಳೆ ಎಲ್ಲಾತದೆ? ಮೊದ್ಲು ಮೀನು ಒಣಗ್ಲಿ" ಎಂದು ಮನೆಗೆ ನಡೆದಳು.

ಮೀನು ಒಣಗಿತು. ಮಳೆ ಹಿಡಿಯಿತು. ಚೌತಿ ಬರುವ ಹೊತ್ತಿಗೆ ಅವಳಿಗೆ ಗಂಜಿ ಕುಡಿಯುವಷ್ಟೂ ಬಾಯಿ ತೆರೆಯಲಾಗುತ್ತಿರಲಿಲ್ಲ. ಆಗ ಕಾರವಾರಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ಗೋವಾಕ್ಕೆ ಕಳಿಸಿದರು. ತಿರುಗಿ ಬಂದ ದೊಡ್ಡಾಯಿಗೆ ಅರ್ಧ ದವಡೆ ಇರಲಿಲ್ಲ, ದನಿಯೂ ಇರಲಿಲ್ಲ. ಏನಾದರೂ ಬೇಕಾದರೆ ನೆಲ ತಟ್ಟುತ್ತಿದ್ದಳು. ಒಂದು ದಿನ ತಟ್ಟುವುದೂ ನಿಂತಿತು. ಅವರ್ಸಾದ ಹೆಂಗಸರು ಆಯಿಯನ್ನು ಕಂಡಾಗಲೆಲ್ಲ "ನಿಮ್ಮಕ್ಕ ಯಾಕೆ ಬರೂದಿಲ್ಲ?" ಎಂದು ಕೇಳುತ್ತಿದ್ದರು.

ಈಗ ಅವರ್ಸಾದಲ್ಲಿ ಮೀನು ಸ್ಕೂಟರಿನ ಮೇಲೆ ಬರುತ್ತದೆ. ಕೂಗುವವರಿಲ್ಲ, ಹಾರ್ನ್ ಹೊಡೆಯುತ್ತಾರೆ. ದಿನಾಚರಣೆಗಳಿಗೇನೂ ಬರ ಇಲ್ಲ ಬಿಡಿ. ಒಂದಕ್ಕೆ ಟೋಪಿ, ಒಂದಕ್ಕೆ ಗುಲಾಬಿ ರಿಬ್ಬನ್ನು, ಎಲ್ಲದಕ್ಕೂ ಫೋಟೋ. ದೊಡ್ಡ ಕಾಯಿಲೆಯಾದರೆ ಮಾತ್ರ ಇವತ್ತಿಗೂ ಗೋವಾದ ದಾರಿಯೇ ಗತಿ. ನಾನು ಕೇರಿಯ ಒಂದೊಂದು ಅಂಗಳದಲ್ಲೂ ಕುಳಿತು ಮಶೇರಿಯೂ ತಂಬಾಕೇ ಎಂದು ಹೇಳಿದ್ದೇನೆ. "ಹೌದನೇ?" ಎನ್ನುತ್ತಾರೆ, ಚಹಾ ಕೊಡುತ್ತಾರೆ, ಕಾವಲಿ ಇಡುತ್ತಾರೆ.

ಈ ಮೇ ಕೊನೆಯಲ್ಲೂ ಶಾಲೆಯ ಮಕ್ಕಳು ನಮ್ಮ ಮನೆ ಮುಂದೆ ಹಾದು ಹೋದರು. ಫಲಕದಲ್ಲಿ ಅದೇ ಮೀಸೆಯ ಗಂಡಸು. ಆಯಿ ಮೆಟ್ಟಿಲ ಮೇಲೆ ಕುಳಿತು, ಬಾಯೊಳಗೆ ಮಶೇರಿಯ ಬೆರಳಿಟ್ಟುಕೊಂಡೇ ನೋಡುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

"ಆಯೀ, ನಿನ್ನ ಅಕ್ಕನ್ನ ಕಣ್ಣಾರೆ ಕಂಡ್ಯಲ್ಲೇ. ಇನ್ನಾದ್ರೂ ಬಿಡೇ."

"ಬಿಟ್ರೆ ತಲೆ ತಿರುಗ್ತದೆ ಮಗಾ," ಎಂದಳು. ಆಮೇಲೆ ನನ್ನ ಮುಖ ನೋಡದೆ, "ಇವತ್ತು ಸಾರಿಗೆ ಮೆಣ್ಸು ಕಡ್ಮೆ ಹಾಕು. ಬಾಯಿ ಉರೀತದೆ" ಎಂದಳು.

ನಾನು ಅವಳ ರಟ್ಟೆ ಹಿಡಿದೆ. "ಏಳು, ಈಗಲೇ ಕಾರವಾರಕ್ಕೆ ಹೋಗ್ವ" ಎಂದೆ.

ಆಯಿ ಅಂಗಳವನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದಳು.

"ಮೊದ್ಲು ಮೀನು ಒಣಗ್ಲಿ" ಎಂದಳು.