ಅತ್ತಿಗೆಯ ಬಲಗೈ

ನನ್ನ ಅತ್ತಿಗೆ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿಸುತ್ತಾಳೆ. ಅದೇ ಶಾಲೆಯ ಶೆಡ್ಡಿನಲ್ಲಿ ನಾನು ಮೆಕ್ಯಾನಿಕ್. ಮನೆಯಲ್ಲೂ ಅವಳದೇ ಹುಕುಂ, ಕೆಲಸದಲ್ಲೂ ಅವಳದೇ; ನನ್ನಂಥ ಮೈದುನನ ಪಾಡು ಶತ್ರುವಿಗೂ ಬೇಡ. ಆದರೂ ಹೇಳಿಬಿಡುತ್ತೇನೆ, ಅವಳಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಕಂಡಿಲ್ಲ.

ಕಲಿಕೆಯ ಹೆಲಿಕಾಪ್ಟರಿನಲ್ಲಿ ಕಲಿಸುವವರು, ಕಲಿಯುವವರು ಇಬ್ಬರ ಮುಂದೆಯೂ ಯಂತ್ರವನ್ನು ಹಿಡಿತದಲ್ಲಿಡುವ ಒಂದೊಂದು ಸ್ಟಿಕ್ ಇರುತ್ತದೆ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಹೋದ ವರ್ಷ ಒಂದು ದಿನ ಅವಳ ಪಕ್ಕ ಕೂತಿದ್ದವರು ನರ್ಸಮ್ಮ. ಆಸ್ಪತ್ರೆಯ ಕೆಲಸ ಬಿಟ್ಟು, ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರ್ ಹಾರಿಸಬೇಕೆಂದು ಬಂದ ಗಟ್ಟಿಗಿತ್ತಿ. ಅಂದು ಆಳೆತ್ತರದಲ್ಲಿ ಅಲುಗದಂತೆ ನಿಲ್ಲಿಸುವ ಪಾಠ. ಅತ್ತಿಗೆಯ ಬಲಗೈ ಸುಮ್ಮನೆ ತನ್ನ ಸ್ಟಿಕ್ಕಿನ ಮೇಲಿತ್ತು. ಆ ಭಾರ ತಿಳಿದದ್ದೇ, ಮೇಡಂ ತಗೊಂಡರು ಅಂದುಕೊಂಡು ನರ್ಸಮ್ಮ ಕೈಬಿಟ್ಟರು. ಅವರು ಹಿಡಿದೇ ಇದ್ದಾರೆಂದು ಅತ್ತಿಗೆ ಅಂದುಕೊಂಡಳು. ಹಿಡಿದವರು ಯಾರೂ ಇಲ್ಲ! ಯಂತ್ರ ಮಗ್ಗುಲಾಗಿ ಬಿತ್ತು, ರೆಕ್ಕೆ ಚೂರುಚೂರು. ಇಬ್ಬರೂ ತೆವಳಿಕೊಂಡು ಹೊರಬಂದಾಗ ನನಗೆ ಹೋದ ಜೀವ ಬಂದಂತಾಯಿತು. ನರ್ಸಮ್ಮನ ಭುಜದ ಮೂಳೆ ಮುರಿದಿತ್ತು.

"ಸಾಕು ಬಿಡೇ ಈ ಕೆಲಸ" ಎಂದು ಅಣ್ಣ ರಾಗ ತೆಗೆದ. ಅಮ್ಮ ಗದರಿದಳು. "ಸುಮ್ನಿರೋ! ನಡೆಯೋರು ಎಡವ್ತಾರೆ, ಕೂತೋರು ಎಡವ್ತಾರಾ?" ಅತ್ತೆ ಸೊಸೆ ಒಂದೇ ಪಾರ್ಟಿಯಾದ ಮನೆಯಲ್ಲಿ ಗಂಡಸರ ಮಾತು ನಡೆಯುವುದುಂಟೇ?

ಮತ್ತೆ ಹಾರಲು ಅತ್ತಿಗೆ ಹೆದರಲಿಲ್ಲ. ತೊಂದರೆ ಕೊಟ್ಟದ್ದು ಬಲಗೈ. ಕಲಿಯುವವರು ಎಳ್ಳಷ್ಟು ತಡಬಡಾಯಿಸಿದರೂ ಅದು ಹೋಗಿ ಸ್ಟಿಕ್ ಹಿಡಿದುಬಿಡುತ್ತಿತ್ತು. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿತಂತೆ. ಯಾರೂ ಕಲಿಯಲಿಲ್ಲ.

"ಹಾರಿಸ್ತಿರೋದು ನೀವು. ಅವ್ರು ಸವಾರಿ ಬರ್ತಿದಾರೆ, ಅಷ್ಟೆ" ಎಂದರು ಶಾಲೆಯ ಮುಖ್ಯಸ್ಥರು. "ಹೀಗೇ ಆದ್ರೆ ಇನ್ಮೇಲೆ ಬೋರ್ಡ್ ಮೇಲೆ ಬರ್ದು ಕಲಿಸಿ."

ಅತ್ತಿಗೆ ಶೆಡ್ಡಿಗೆ ಬಂದು ಟೈರಿನ ಮೇಲೆ ಕೂತಳು. "ನನ್ ಕೈ ನನ್ ಮಾತೇ ಕೇಳ್ತಿಲ್ಲ ಕಣೋ."

"ಮನೆಮಂದಿಯೆಲ್ಲ ಕೇಳ್ತೀವಿ, ಅದಕ್ಕೇನಂತೆ ಕೊಬ್ಬು?" ಎಂದೆ. ಅವಳು ನಗಲಿಲ್ಲ.

ಅಷ್ಟರಲ್ಲಿ ಭುಜ ವಾಸಿಯಾಗಿ ನರ್ಸಮ್ಮ ಬಂದರು. ಬೇರೆ ಗುರುಗಳನ್ನು ಕೊಡುತ್ತೇವೆಂದರೆ ಸುತರಾಂ ಒಪ್ಪಲಿಲ್ಲ. "ಬಿದ್ದಿದ್ದು ಇಬ್ರೂ. ಏಳೋದೂ ಇಬ್ರೂನೇ" ಎಂದರು. ಇದೊಂದು ಪಾಠ ನೋಡಿ ತೀರ್ಮಾನಿಸುತ್ತೇನೆಂದು ಮುಖ್ಯಸ್ಥರು ಮೈದಾನದ ಅಂಚಿಗೆ ಬಂದು ನಿಂತರು.

ಮತ್ತೆ ಅದೇ ಆಳೆತ್ತರ. ಯಂತ್ರ ಒಂದು ಗಳಿಗೆ ನೆಟ್ಟಗೆ ನಿಂತು, ಎಡಕ್ಕೆ ಜಾರಿತು. ಬಲಕ್ಕೆ ಓಲಾಡಿತು. ಮತ್ತೆ ಎಡಕ್ಕೆ, ಇನ್ನೂ ಜೋರಾಗಿ. "ಹಿಡ್ಕೋ ಅತ್ತಿಗೆ, ಹಿಡ್ಕೋ!" ಎಂದು ನಾನೇ ಅರಚಿಬಿಟ್ಟೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಓಲಾಟ ಮೆಲ್ಲಗೆ ಕಡಿಮೆಯಾಯಿತು. ಯಂತ್ರ ನಿಂತಿತು. ಹಾಗೇ ನಿಂತೇ ಇತ್ತು. ಆಮೇಲೆ ಹೂವಿನಂತೆ ಇಳಿಯಿತು.

ರೆಕ್ಕೆ ತಿರುಗುವುದು ನಿಂತದ್ದೇ ನಾನೂ ಮುಖ್ಯಸ್ಥರೂ ಓಡಿದೆವು. ಅತ್ತಿಗೆ ಬಲಗೈಯಿಂದ ತನ್ನ ಮೊಣಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ, ಬೆರಳು ಬಿಡಿಸಿಕೊಳ್ಳಲು ಎಡಗೈ ಬೇಕಾಯಿತು.

"ಕೊನೇಲಿ ಸರಿ ಮಾಡಿದ್ದು ನೀವೇ ತಾನೇ ಮೇಡಂ?" ಎಂದರು ಮುಖ್ಯಸ್ಥರು.

"ಇಲ್ಲ ಸರ್, ನಾನೇನೂ ಮಾಡ್ಲಿಲ್ಲ" ಎಂದವಳೇ ನರ್ಸಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ಏನಂದ್ರೆ ಏನೂ ಮಾಡ್ಲಿಲ್ಲ."