ಕೆಂಪು ದಾರದ ಕೇಬಲ್

ಚಿಕ್ಕಮ್ಮನ ಬಲಗೈ ಹೆಬ್ಬೆರಳ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಒಂದು ಸುಟ್ಟ ಗುರುತಿದೆ. ನೋಡಿದವರೆಲ್ಲ ಒಲೆಯ ಮುಂದೆ ಆದದ್ದು ಅಂದುಕೊಳ್ಳುತ್ತಾರೆ. ಅದು ಆದದ್ದು ರೇಡಿಯೋ ಕಾರ್ಖಾನೆಯಲ್ಲಿ. ಮದುವೆಗೆ ಮುಂಚೆ ಆರು ವರ್ಷ ಅಲ್ಲಿ ಉದ್ದನೆಯ ಮೇಜಿನ ಮುಂದೆ ಸಾಲಿನಲ್ಲಿ ಕೂತು ತಂತಿಗಳನ್ನು ಬೆಸೆಯುತ್ತಿದ್ದಳು. ಮೇಲ್ವಿಚಾರಕ ಬಂದು ಅವಳ ಕೆಲಸವನ್ನು ತಿರುಗಿಸಿ ನೋಡಿ, ಏನೂ ಹೇಳದೆ ಮುಂದೆ ಹೋಗುತ್ತಿದ್ದನಂತೆ. ಅಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಚಿಕ್ಕಪ್ಪ ವಾದ್ಯಗೋಷ್ಠಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಎಲ್ಲರ ಬಾಯಲ್ಲೂ ಅವನು ಮಾಸ್ಟರ್. ಮದುವೆಯಾದ ಮೇಲೆ ಅವನ ಅಂಗಿಗಳ ಜೊತೆಗೆ ಗಿಟಾರಿನ ತಂತಿ, ಕೇಬಲ್ಲು, ಹೆಗಲಪಟ್ಟಿ ಎಲ್ಲವೂ ಚಿಕ್ಕಮ್ಮನ ಪಾಲಿಗೆ ಬಂದವು. ಯಾರೂ ಒಪ್ಪಿಸಲಿಲ್ಲ, ಯಾರೂ ಕೇಳಲಿಲ್ಲ. ಮನೆಗೆಲಸ ಬರುವುದೇ ಹಾಗೆ.

ಅವನ ಬೇಸಿನಲ್ಲಿ ತಂತಿಗಳ ಕೆಳಗೆ ಸದ್ದು ಹಿಡಿಯುವ ಪಿಕಪ್‌ಗಳು ಎರಡು. ಕತ್ತಿನ ಕಡೆಯದರ ದನಿ ದಪ್ಪ, ಬುಡದ ಕಡೆಯದು ಚೂಪು. ಸಾಮಾನ್ಯವಾಗಿ ಎರಡೂ ಗಿಟಾರಿನ ಒಳಗೇ ಬೆರೆತು ಒಂದೇ ದಾರಿಯಲ್ಲಿ ಹೊರಬರುತ್ತವೆ. ಅದಕ್ಕೆ ಮೋನೋ ಅನ್ನುತ್ತಾರೆ. ಚಿಕ್ಕಮ್ಮನಿಗೆ ಇದು ಸರಿಕಾಣಲಿಲ್ಲ.

"ಒಳಗೇ ಕಲಸಿಬಿಟ್ರೆ ಆಮೇಲೆ ಬೇರೆ ಮಾಡೋಕಾಗುತ್ತಾ? ಎರಡನ್ನೂ ಬೇರೆ ಬೇರೆ ಹೊರಗೆ ಕಳಿಸೋಣ. ಎಷ್ಟೆಷ್ಟು ಬೆರೆಸಬೇಕು ಅಂತ ಹೊರಗೆ ನೋಡ್ಕೊಳ್ಲಿ," ಅಂದಳು.

ಒಂದು ಮಧ್ಯಾಹ್ನ ಪಾತ್ರೆ ತೊಳೆದು, ಅದೇ ಕಟ್ಟೆಯನ್ನು ಒರೆಸಿ, ಅದರ ಮೇಲೆ ಬೇಸನ್ನು ಬೋರಲು ಮಲಗಿಸಿ ಹಿಂದಿನ ಮುಚ್ಚಳ ಬಿಚ್ಚಿದಳು. ಒಳಗಿನದನ್ನೆಲ್ಲ ಹೊಸದಾಗಿ ಬೆಸೆದು ಸ್ಟೀರಿಯೋ ಮಾಡಿದಳು. ಒಂದೇ ಕೇಬಲ್ಲಿನಲ್ಲಿ ಎರಡು ದನಿಯೂ ಪ್ರತ್ಯೇಕವಾಗಿ ಹೋಗಿ ಒಂದು ಸಣ್ಣ ತಗಡಿನ ಡಬ್ಬಿಯಲ್ಲಿ ಕವಲೊಡೆಯುವಂತೆ ಮಾಡಿದಳು. ಆ ಡಬ್ಬಿಯೂ ಅವಳದೇ ಕೈಕೆಲಸ. ಮೊದಲು ಅದರಲ್ಲಿ ಅವಳ ಅತ್ತೆಯ ಮಾತ್ರೆಗಳಿದ್ದವು.

"ಬೇರೆಯವರ ಮನೇಲಿ ಅಡುಗೆ ಸೀಯುತ್ತೆ, ನಮ್ಮನೇಲಿ ತಂತಿ ಸೀಯುತ್ತೆ," ಅಂದರು ಅತ್ತೆ, ಒಳಕೋಣೆಯ ಮಂಚದಿಂದ.

ಆಮೇಲೆ ಮಾಸ್ಟರ್ ಬೇಸಿನ ಸದ್ದೇ ಬದಲಾಯಿತು. ದಪ್ಪ ದನಿ ನೆಲದ ಹಾಗೆ ಹಾಸಿಕೊಂಡಿದ್ದರೆ ಚೂಪು ದನಿ ಅದರ ಮೇಲೆ ಹೆಜ್ಜೆ ಹಾಕುತ್ತಿತ್ತು. ಇದರ ಗುಟ್ಟೇನು ಎಂದು ಯಾರಾದರೂ ಕೇಳಿದರೆ ಚಿಕ್ಕಪ್ಪ ಬಲಗೈ ಎತ್ತಿ ಬೆರಳು ಆಡಿಸುತ್ತಿದ್ದ. "ಇಲ್ಲಿದೆ ನೋಡ್ರಿ, ಇದರಲ್ಲಿ."

"ಆ ಬೆರಳಿಗೆ ಅಂಗಿ ಗುಂಡಿ ಹೊಲಿಯೋಕೆ ಬರಲ್ಲ," ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು. ಆಗ ಅವಳಿಗೆ ನಗು ಬರುತ್ತಿತ್ತು.

ಹೋದ ವರ್ಷ ಅವರ ತಂಡದ ಡ್ರಮ್ ಬಾರಿಸುವವನು ಮನೆಗೆ ಬಂದಾಗ ಒಂದು ಸುದ್ದಿ ತಂದ. "ಅಕ್ಕಾ, ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ವಾದ್ಯಗಳ ವೈರಿಂಗ್ ನೋಡ್ಕೊಳ್ಳೋಕೆ ಜನ ಹುಡುಕ್ತಿದಾರೆ. ಕೈಕೆಲಸ ನೋಡಿ ತಗೋತಾರಂತೆ. ನಿಮ್ಮನ್ನ ಬಿಟ್ರೆ ಇನ್ಯಾರಿದಾರೆ?"

ಅವತ್ತಿನಿಂದ ಚಿಕ್ಕಮ್ಮ ಕೆಲಸ ಮಾಡುತ್ತಲೇ ಬೇರೆಲ್ಲೋ ಇರುತ್ತಿದ್ದಳು. "ಅಲ್ಲಿ ನನಗೇ ಒಂದು ಮೇಜು ಇರುತ್ತೆ ಕಣೇ," ಅಂದಳು ನನಗೆ. "ಊಟಕ್ಕೆ ಟೈಮಾಯ್ತು ಅಂತ ಅದರ ಮೇಲಿಂದ ಸಾಮಾನು ಎತ್ತಿಡಬೇಕಾಗಿಲ್ಲ." ಹದಿನೇಳು ವರ್ಷದಿಂದ ಅವಳು ಸಾಮಾನು ಎತ್ತಿಡುತ್ತಿದ್ದಳು. ತೋರಿಸಲು ಅವಳ ಹತ್ತಿರ ಇದ್ದ ಕೈಕೆಲಸ ಒಂದೇ, ಆ ಬೇಸು.

ಕಾಲ ಕೂಡಿ ಬಂದ ಹಾಗೆ ಅದೇ ಸ್ಟುಡಿಯೋದಿಂದ ಚಿಕ್ಕಪ್ಪನಿಗೆ ಒಂದು ದಿನದ ರೆಕಾರ್ಡಿಂಗಿಗೆ ಕರೆ ಬಂತು. ಚಿಕ್ಕಮ್ಮ ಜೊತೆಗೆ ಹೋಗುವುದೆಂದಾಯಿತು. ಆದರೆ ಹಿಂದಿನ ದಿನ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ನೋಯಿಸಿಕೊಂಡರು. ಯಾರು ಮನೆಯಲ್ಲಿ ಉಳಿಯಬೇಕು ಎಂಬ ಚರ್ಚೆ ನಡೆಯಲೇ ಇಲ್ಲ.

"ನೀವೇ ತೋರಿಸ್ರೀ," ಅಂದಳು. "ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿ. ಮಾಡಿದ್ದು ಯಾರು ಅಂತ ಹೇಳಿ."

"ಆಯ್ತು ಮಾರಾಯ್ತಿ, ಹೇಳ್ತೀನಿ. ಎಷ್ಟು ಸಲ ಹೇಳ್ತೀಯ?"

"ಬೇಸಿಂದ ಡಬ್ಬಿಗೆ ಕೆಂಪು ದಾರದ ಕೇಬಲ್ಲೇ ಹಾಕಬೇಕು. ಡಬ್ಬಿಯಿಂದ ಮುಂದಕ್ಕೆ ಯಾವುದಾದ್ರೂ ನಡೆಯುತ್ತೆ."

ಚೀಲದಲ್ಲಿದ್ದ ಮೂರು ಕೇಬಲ್ಲೂ ಕಪ್ಪೇ. ಅವುಗಳಲ್ಲಿ ಸ್ಟೀರಿಯೋ ಒಂದೇ. ಅದರ ತುದಿಗೆ ಚಿಕ್ಕಮ್ಮ ತನ್ನ ಹೊಲಿಗೆ ಡಬ್ಬಿಯ ಕೆಂಪು ದಾರ ಸುತ್ತಿದ್ದಳು.

ಹನ್ನೊಂದು ಗಂಟೆಯ ಹೊತ್ತಿಗೆ ಫೋನ್ ಬಂತು. ನಾನು ಅಲ್ಲೇ ಇದ್ದೆ. ಚಿಕ್ಕಮ್ಮ ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ ಹಾಸಿಗೆಯ ಬಟ್ಟೆ ಎಳೆಯುತ್ತಿದ್ದಳು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡಳು.

"ಏನು ಮಾಡಿಟ್ಟಿದೀಯ ಇದಕ್ಕೆ?" ಚಿಕ್ಕಪ್ಪನ ದನಿ ನನಗೂ ಕೇಳಿಸುತ್ತಿತ್ತು. "ಚೂಪು ದನೀನೇ ಇಲ್ಲ! ಎಲ್ರೂ ಕಾಯ್ತಾ ಇದಾರೆ, ನನ್ನ ಮಾನ ಹೋಗ್ತಿದೆ."

"ದಪ್ಪದ್ದು ಬರ್ತಿದೆಯಾ?"

"ಬರ್ತಿದೆ."

"ಹಾಗಾದ್ರೆ ಬೇಸಿಗೆ ಮೋನೋ ಕೇಬಲ್ ಚುಚ್ಚಿದೀರ. ಅದು ಒಂದು ದನಿಯನ್ನ ಒಯ್ಯುತ್ತೆ, ಇನ್ನೊಂದನ್ನ ಅಲ್ಲೇ ಮುಗಿಸಿಬಿಡುತ್ತೆ. ಕೆಂಪು ದಾರದ್ದು ಹಾಕಿ."

"ಆ ದಾರ ನಿನ್ನೇನೇ ಕಿತ್ತೆಸೆದೆ. ನಾಲ್ಕು ಜನರ ಮುಂದೆ ಹುಡುಗಿ ಜಡೆ ಹಾಗೆ ಕಾಣ್ತಿತ್ತು."

ಚಿಕ್ಕಮ್ಮ ಬಟ್ಟೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. "ಪಿನ್ನಿನ ತುದಿ ನೋಡಿ. ಎರಡು ಕಪ್ಪು ಗೆರೆ ಇರೋದು ಅದು. ಬೇರೆಯವಕ್ಕೆ ಒಂದೇ ಗೆರೆ."

ಸ್ವಲ್ಪ ಹೊತ್ತಿಗೆ ಬೇಸು ಪೂರ್ತಿ ಮಾತಾಡಿದ್ದು ಫೋನಿನಲ್ಲೇ ಕೇಳಿಸಿತು. ಹಿಂದಿನಿಂದ ಯಾರೋ, "ಪರವಾಗಿಲ್ವೇ! ಫೋನಲ್ಲೇ ಹಿಡಿದುಬಿಟ್ರಲ್ಲ, ಯಾರ್ರೀ ಅದು?" ಅಂದರು.

"ಮನೆಯಿಂದ. ಕೇಬಲ್ ಅದಲುಬದಲು ಮಾಡಿಟ್ಟಿದ್ರು," ಅಂದ ಚಿಕ್ಕಪ್ಪ. ಫೋನ್ ಇಟ್ಟ.

ಅಷ್ಟಾದರೂ ಅವಳು ಸಂಜೆಯವರೆಗೆ ಕಾದಳು. ಅವನು ಬಂದ ಮೇಲೆ ಊಟಕ್ಕೆ ಬಡಿಸಿದಳು. ಅವನೇ ಶುರು ಮಾಡಿದ.

"ಆ ಸೌಂಡ್ ಇಂಜಿನಿಯರ್ ಬೇಸಿನ ಹಿಂದೆ ಬಿಚ್ಚಿ ನೋಡಿ ಬೆರಗಾಗಿಹೋದ. ಇಷ್ಟು ಚೊಕ್ಕ ಕೆಲಸ ನೋಡೇ ಇಲ್ಲ ಅಂದ."

ಚಿಕ್ಕಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. "ಯಾರು ಮಾಡಿದ್ದು ಅಂತ ಕೇಳಲಿಲ್ವಾ?"

"ಕೇಳಿದ. ಮನೇಲೇ ಮಾಡಿದ್ದು ಅಂದೆ."

"ಮನೇಲಿ ಅಂದ್ರೆ ಯಾರು?"

"ಮನೇಲಿ ಅಂದ್ರೆ ಮನೇಲಿ. ಅವನು ನಾನೇ ಅಂದ್ಕೊಂಡ. ಹೌದು ಅಂದೆ, ಅಲ್ಲ ಅಂತ ಹೇಳಿ ಯಾರು ಪುರಾಣ ಬಿಚ್ಚೋರು? ಆಮೇಲೆ ಕೇಳು, ನಗ್ತೀಯ. ವಾರಕ್ಕೆ ನಾಲ್ಕು ದಿನ ಬಂದು ವೈರಿಂಗ್ ಮಾಡಿಕೊಡಿ ಮಾಸ್ಟರ್ ಅಂದ! ನಾನು ಕಲಾವಿದ ಕಣಯ್ಯಾ, ರಿಪೇರಿಯವನಲ್ಲ ಅಂದೆ. ಬಾಯಿ ಮುಚ್ಕೊಂಡ."

ಅವನು ನಕ್ಕ. ಅತ್ತೆಯೂ ಒಳಗಿನಿಂದ ನಕ್ಕರು, ಸೊಂಟ ಹಿಡಿದುಕೊಂಡೇ.

ಮಾರನೆಯ ದಿನ ಚಿಕ್ಕಮ್ಮ ತಾನೇ ಸ್ಟುಡಿಯೋಗೆ ಫೋನ್ ಮಾಡಿದಳು. ಇಂಜಿನಿಯರ್ ಮರ್ಯಾದೆಯಿಂದಲೇ ಮಾತಾಡಿದ. "ಆ ಬೇಸಿನ ಕೆಲಸ ನಾನೇ ಮಾಡಿದ್ದು ಅಂತ ಮಾಸ್ಟರ್ ಅವರೇ ಹೇಳಿದ್ರಲ್ಲಮ್ಮಾ. ನೀವು ಮಾಡಿದ್ದು ಬೇರೆ ಏನಾದ್ರೂ ಇದ್ರೆ ತಗೊಂಡು ಬನ್ನಿ, ನೋಡೋಣ."

ಬೇರೆ ಏನಿತ್ತು? ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಗಳು. ಮಗ್ಗುಲು ತಿರುಗಿಸಿ, ಹಾಸಿಗೆ ಬದಲಿಸಿ ಮಲಗಿಸಿದ್ದ ಅತ್ತೆ. ಅವನ್ನು ಯಾವ ಮೇಜಿನ ಮೇಲೆ ಇಟ್ಟು ತೋರಿಸುವುದು? ಎರಡು ವಾರದಲ್ಲಿ ಆ ಕೆಲಸಕ್ಕೆ ಇನ್ನೊಬ್ಬರು ಬಂದರೆಂದು ಡ್ರಮ್ಮಿನವನು ಹೇಳಿದ.

ಅವತ್ತೇ ಚಿಕ್ಕಮ್ಮ ಅಡುಗೆ ಕಟ್ಟೆ ಒರೆಸಿ ಬೇಸನ್ನು ಬೋರಲು ಹಾಕಿದಳು. ಬೆಸೆದಿದ್ದನ್ನೆಲ್ಲ ಒಂದೊಂದಾಗಿ ಕರಗಿಸಿ ಬಿಡಿಸಿದಳು. ಎರಡು ದನಿಯನ್ನೂ ಮೊದಲಿನ ಹಾಗೆ ಒಳಗೇ ಕಲಸಿ ಒಂದೇ ದಾರಿಗೆ ಬಿಟ್ಟಳು. ತಗಡಿನ ಡಬ್ಬಿಯನ್ನು ತೊಳೆದು ಅತ್ತೆಯ ಮಾತ್ರೆಗಳನ್ನು ಅದರಲ್ಲಿ ತುಂಬಿದಳು.

"ಮೋನೋ ಮಾಡಿದೀನಿ," ಎಂದು ಗಂಡನಿಗೆ ನೇರವಾಗಿಯೇ ಹೇಳಿದಳು. "ಇನ್ನು ಯಾವ ಕೇಬಲ್ ಹಾಕಿದ್ರೂ ನಡೆಯುತ್ತೆ."

"ಒಳ್ಳೇದಾಯ್ತು. ಒಂದು ತಾಪತ್ರಯ ಕಳೀತು," ಅಂದ ಅವನು.

ಮೂರು ಕಾರ್ಯಕ್ರಮ ಕಳೆಯುವಷ್ಟರಲ್ಲಿ ಜನ ಕೇಳತೊಡಗಿದರು: ಏನು ಮಾಸ್ಟರ್, ಮೊದಲಿನ ಸದ್ದು ಇಲ್ವಲ್ಲ? ಚಿಕ್ಕಪ್ಪ ಬಲಗೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಅವನಿಗೆ ನಿಜವಾಗಿಯೂ ಭಯವಾಗಿತ್ತು.

"ಬೆರಳಿಗೆ ವಯಸ್ಸಾಯ್ತು ಕಣೇ," ಅಂದ.

ಈಗ ದಿನಾ ಸಂಜೆ, ಅತ್ತೆಯ ಸೊಂಟಕ್ಕೆ ಹಚ್ಚಿದ ಮೇಲೆ, ಚಿಕ್ಕಮ್ಮ ಮಿಕ್ಕ ಎಣ್ಣೆಯನ್ನು ಮತ್ತೆ ಬಿಸಿ ಮಾಡಿ ಅವನ ಬೆರಳಿಗೆ ತಿಕ್ಕುತ್ತಾಳೆ. ಅವನು ಟಿವಿ ನೋಡುತ್ತ ಕೈ ಚಾಚಿರುತ್ತಾನೆ. ಮೊನ್ನೆ ನಾನು ಹೋದಾಗ ಒಂದೊಂದೇ ಗೆಣ್ಣು ಒತ್ತುತ್ತಿದ್ದಳು. ಮುಗಿಸಿ ಏಳಲು ಹೋದಳು.

"ಕಿರುಬೆರಳು ಬಿಟ್ಟೆ ನೋಡು," ಅಂದ ಚಿಕ್ಕಪ್ಪ.

ಬಲಗೈ ಕಿರುಬೆರಳಿನಿಂದ ಅವನು ಇಷ್ಟು ವರ್ಷದಲ್ಲಿ ಒಂದು ತಂತಿಯನ್ನೂ ಮುಟ್ಟಿದವನಲ್ಲ. ಚಿಕ್ಕಮ್ಮ ಕೂತಳು, ಅದಕ್ಕೂ ತಿಕ್ಕಿದಳು.